ಅಡಿಕೆ ಮಂಡಿಯ ಎರಡು ವರ್ಷ ಸಿವಿಯಲ್ಲಿ ಏಕಿಲ್ಲ?

ಶಿವಮೊಗ್ಗದಲ್ಲಿ ಬಿಕಾಂ ಮುಗಿಸಿದ ಹುಡುಗಿಯೊಬ್ಬಳು ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗಕ್ಕೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಓದಿನ ಜೊತೆಗೇ ಎರಡು ವರ್ಷ ಸಂಜೆ ಹೊತ್ತು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವಳು. ಅವಳ ಸಿವಿಯಲ್ಲಿ ತಂದೆಯ ಹೆಸರಿದೆ, ಹುಟ್ಟಿದ ದಿನಾಂಕವಿದೆ, ‘ಅವಿವಾಹಿತೆ’ ಎಂದಿದೆ, ಸಂಗೀತ ಕೇಳುವ ಹವ್ಯಾಸವೂ ಇದೆ. ಮಂಡಿಯ ಸುದ್ದಿ ಮಾತ್ರ ಇಲ್ಲ. ಕೇಳಿದರೆ ‘ಅದೇನ್ ಕೆಲ್ಸ ಸಾರ್, ಸುಮ್ನೆ ಹೋಗ್ತಿದ್ದೆ’ ಎನ್ನುತ್ತಾಳೆ.

ನಮ್ಮ ಹುಡುಗ ಹುಡುಗಿಯರ ಸಿವಿಗಳಲ್ಲಿ ಇದು ತೀರಾ ಸಾಮಾನ್ಯ. ಮದುವೆಯ ಬಯೋಡೇಟಾದಿಂದ ಅರ್ಧ, ಸರ್ಕಾರಿ ಅರ್ಜಿಯಿಂದ ಅರ್ಧ ತೆಗೆದುಕೊಂಡು ಹೊಲಿದಂತಿರುತ್ತದೆ. ಕೊನೆಯಲ್ಲಿ ‘ಮೇಲ್ಕಂಡ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ, ಸ್ಥಳ, ದಿನಾಂಕ, ಸಹಿ. ಕೆಪಿಎಸ್‌ಸಿಯಂಥ ಕಡೆ ಅವರದೇ ಅರ್ಜಿ ನಮೂನೆ ಇರುತ್ತದೆ, ಅಲ್ಲಿ ಕೇಳಿದ್ದನ್ನೆಲ್ಲ ತುಂಬಲೇಬೇಕು. ಖಾಸಗಿ ಕಂಪನಿಯವರಿಗೆ ತಿಳಿಯಬೇಕಾದದ್ದು ಒಂದೇ: ನಮ್ಮಲ್ಲಿ ಖಾಲಿ ಇರುವ ಈ ಕೆಲಸ ಇವರಿಂದ ಆಗುತ್ತದೆಯೇ? ಅದಕ್ಕೆ ಪುರಾವೆಯಾಗದ ಸಾಲುಗಳನ್ನು ತೆಗೆದುಬಿಡಿ. ಆಧಾರ್ ಸಂಖ್ಯೆಯನ್ನಂತೂ ಬರೆಯಲೇಬೇಡಿ. ಮೇಲ್ಗಡೆ ಹೆಸರು, ಮೊಬೈಲ್, ಇಮೇಲ್, ಊರು ಇದ್ದರೆ ಸಾಕು.

ಈಗ ಮಂಡಿಗೆ ಬರೋಣ. ‘ಲೆಕ್ಕಪತ್ರ ನೋಡಿಕೊಂಡಿದ್ದೇನೆ’ ಎಂದು ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ದಿನಕ್ಕೆ ಎಷ್ಟು ಬಿಲ್? ಯಾವುದರಲ್ಲಿ ಎಂಟ್ರಿ? ತಿಂಗಳ ಕೊನೆಗೆ ಏನು ಮಾಡುತ್ತಿದ್ದೆ? ಹೀಗೆ ಕೆದಕುತ್ತ ಹೋದರೆ ಸರಕು ತಾನಾಗಿ ಸಿಗುತ್ತದೆ: ‘ದಿನಕ್ಕೆ ಸುಮಾರು 40 ಬಿಲ್‌ಗಳನ್ನು ಟ್ಯಾಲಿ ಪ್ರೈಮ್‌ನಲ್ಲಿ ದಾಖಲಿಸಿದೆ, ವಾರಕ್ಕೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿದೆ, 11ನೇ ತಾರೀಖಿನ ಜಿಎಸ್‌ಟಿಆರ್-1, 20ನೇ ತಾರೀಖಿನ 3ಬಿ ತಪ್ಪದಂತೆ ಮಾರಾಟ, ಖರೀದಿ ಪಟ್ಟಿಗಳನ್ನು ಮೊದಲೇ ಆಡಿಟರ್‌ಗೆ ಕಳಿಸಿದೆ.’ ಅಕೌಂಟ್ಸ್ ಗೊತ್ತಿರುವ ಯಾರೇ ಓದಲಿ, ಗಡುವಿನ ಬಿಸಿ ಉಂಡ ಹುಡುಗಿ ಎಂದು ತಕ್ಷಣ ತಿಳಿಯುತ್ತದೆ. ಇಂಜಿನಿಯರಿಂಗ್‌ನವರ ಫೈನಲ್ ಇಯರ್ ಪ್ರಾಜೆಕ್ಟಿಗೂ ಇದೇ ಮಾತು. ನಾಲ್ವರು ಸೇರಿ ಮಾಡಿದ್ದರಲ್ಲಿ ನೀವು ಬರೆದ ಕೋಡ್ ಯಾವುದು, ಅದು ಓಡಿತೇ? ಪ್ರಾಜೆಕ್ಟಿನ ಉದ್ದನೆಯ ಹೆಸರಿಗಿಂತ ಈ ಉತ್ತರ ತೂಕದ್ದು.

ಅನುಭವ ಇಂಥದ್ದಿರುವಾಗ ಅದು ಮೊದಲ ಪುಟದ ಮೇಲ್ಭಾಗದಲ್ಲೇ ಬರಬೇಕು, ಎಸ್‌ಎಸ್‌ಎಲ್‌ಸಿ ಅಂಕ ಕೆಳಗಿಳಿಯಲಿ. ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯೊಂದಿಗೆ ಬೆಳೆಯುವ ಆಸೆ’ ಎಂಬ ಉದ್ದೇಶದ ಸಾಲನ್ನು ಯಾರೂ ಓದುವುದಿಲ್ಲ. ನನ್ನನ್ನು ಕೇಳಿದರೆ, ಬರೆದವರೂ ಓದಿರುವುದಿಲ್ಲ.

ಸಿವಿಯನ್ನು ಮನುಷ್ಯರಿಗಿಂತ ಮೊದಲು ಕಂಪ್ಯೂಟರ್ ಓದುವುದೂ ಉಂಟು. ದೊಡ್ಡ ಕಂಪನಿಗಳಲ್ಲಿ ಎಟಿಎಸ್ ಎಂಬ ತಂತ್ರಾಂಶ ಸಿವಿಯಿಂದ ಪದಗಳನ್ನು ಹೆಕ್ಕಿ ಪಟ್ಟಿ ಮಾಡುತ್ತದೆ. ನೌಕ್ರಿಯಂಥ ತಾಣಗಳಲ್ಲೂ ಎಚ್‌ಆರ್‌ನವರು ಪದ ಕೊಟ್ಟೇ ಹುಡುಕುತ್ತಾರೆ. ಹಾಗಾಗಿ ಜಾಹೀರಾತು ‘ಅಕೌಂಟ್ಸ್ ಪೇಯಬಲ್’ ಎಂದಿದ್ದು, ಮಂಡಿಯಲ್ಲಿ ನೀವು ಪೂರೈಕೆದಾರರ ಪಾವತಿ ನೋಡಿದ್ದರೆ ಅದೇ ಪದವನ್ನು ಬಳಸಿ. ಗೊತ್ತಿಲ್ಲದ್ದನ್ನು ತುರುಕಿದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಬಣ್ಣ ಬಯಲು.

ಕ್ಯಾನ್ವಾದ ಎರಡು ಕಾಲಂ ವಿನ್ಯಾಸ ಕಣ್ಣಿಗೆ ಚೆಂದ. ಆದರೆ ಕೆಲವು ತಂತ್ರಾಂಶಗಳು ಎರಡೂ ಕಾಲಂಗಳ ಸಾಲುಗಳನ್ನು ಬೆರೆಸಿ ಓದುತ್ತವೆ. ಪಿಡಿಎಫ್‌ನ ಅಕ್ಷರಗಳನ್ನೆಲ್ಲ ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಅಲ್ಲಿ ಕಲಸುಮೇಲೋಗರವಾದರೆ ಸರಳ ಒಂದೇ ಕಾಲಮ್ಮಿಗೆ ಮರಳಿ. ಕನ್ನಡ ಪತ್ರಿಕೆ, ಪ್ರಕಾಶನಗಳಿಗೆ ಕನ್ನಡದಲ್ಲೇ ಸಿವಿ ಕಳಿಸುವವರು ಹಳೆಯ ನುಡಿ ಫಾಂಟ್ ಬಿಟ್ಟು ಯೂನಿಕೋಡ್ ಬಳಸಬೇಕು. ಇಲ್ಲವಾದರೆ ನಕಲಿಸಿದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲು ಸಿಗುತ್ತದೆ. ಇನ್ನು ಎಕ್ಸೆಲ್‌ಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟುಕೊಳ್ಳುವ ಪದ್ಧತಿ: ಪರೀಕ್ಷೆ ಮಾಡಿದವರು ಯಾರು? ‘ವಿ-ಲುಕಪ್, ಪಿವಟ್ ಟೇಬಲ್ ಬರುತ್ತದೆ’ ಎಂದರೆ ಮುಗಿಯಿತು.

ವಿದೇಶಕ್ಕೆ ಕಳಿಸುವುದಾದರೆ ಆ ದೇಶದ ರೂಢಿ ನೋಡಿಕೊಳ್ಳಿ. ಅಮೆರಿಕ, ಬ್ರಿಟನ್‌ಗಳಲ್ಲಿ ಫೋಟೊ, ವಯಸ್ಸು, ವೈವಾಹಿಕ ಸ್ಥಿತಿ ಹಾಕುವುದಿಲ್ಲ. ಜರ್ಮನಿಯಲ್ಲಿ ಫೋಟೊ ಇಂದಿಗೂ ಸಾಮಾನ್ಯ.

ದುಡ್ಡು ಕೊಟ್ಟು ಅನುಭವ ಪತ್ರ ಮಾಡಿಸಿಕೊಡುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಅವರ ಹತ್ತಿರ ಸುಳಿಯಬೇಡಿ. 2014ರಲ್ಲಿ ಬಂದ ಯುಎಎನ್ ಎಂಬ ಪಿಎಫ್ ಖಾತೆ ಸಂಖ್ಯೆಯಿಂದಾಗಿ ನಿಮ್ಮ ಭವಿಷ್ಯನಿಧಿ ಕಟ್ಟಿದ ಪ್ರತಿ ಕಂಪನಿಯ ದಾಖಲೆ ಒಂದೇ ಸಂಖ್ಯೆಯಡಿ ಇರುತ್ತದೆ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗುತ್ತದೆ. ಮಂಡಿಯಲ್ಲಿ ಪಿಎಫ್ ಇರಲಿಲ್ಲವೆಂದು ಅಳುಕಬೇಕಿಲ್ಲ. ಅರೆಕಾಲಿಕ ಎಂದೇ ಬರೆಯಿರಿ. ಸಿವಿ ಕಳಿಸುವ ಮೊದಲು ಮಂಡಿ ಸಾಹುಕಾರರಿಗೆ ಒಂದು ಮಾತು ಹೇಳಿಡಿ, ಸಾಧ್ಯವಾದರೆ ಅವರ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆಸಿಕೊಳ್ಳಿ. ವಿಚಾರಿಸಲು ಬೆಂಗಳೂರಿನಿಂದ ಕರೆ ಬಂದಾಗ ಅವರು ‘ಯಾವ ಹುಡುಗಿ?’ ಎನ್ನಬಾರದಲ್ಲ.