ಬಾಟಲಿ ಏಕೆ ಸೋರುತ್ತದೆ? ಶರಬತ್ತಿನಿಂದ ಝಂಝಂವರೆಗೆ ವಿಮಾನದ ಪ್ಯಾಕಿಂಗ್

ಹರಿಹರ, ದಾವಣಗೆರೆಯ ನಮ್ಮ ಮನೆಗಳಲ್ಲಿ ವಿಮಾನಕ್ಕೆ ಬ್ಯಾಗ್ ಕಟ್ಟುವ ಕೆಲಸ ಈಗ ಪಿಯುಸಿ ಓದುವ ಮಕ್ಕಳ ಪಾಲಿಗೆ ಬರುತ್ತದೆ. ಟಿಕೆಟ್ಟಿನ ಇಂಗ್ಲಿಷ್ ಓದುವವರು ನಾವು, ತೂಕ ನೋಡುವವರೂ ನಾವೇ. ಗಲ್ಫಿಗೆ ಮರಳುವ ಮಾಮುಗೆ ಊರಿನ ಶರಬತ್ತು ಬೇಕು. ಉಮ್ರಾ ಮುಗಿಸಿ ಬರುವ ದಾದಿಯ ಕೈಯಿಂದ ಇಡೀ ಓಣಿಗೆ ಝಂಝಂ ನೀರು ಬೇಕು. ಎರಡೂ ಬಾಟಲಿಯಲ್ಲೇ ಪ್ರಯಾಣ ಮಾಡಬೇಕು.

ನಮ್ಮ ಸಂಬಂಧಿಕರೊಬ್ಬರು ಕೆಲಸಕ್ಕೆಂದು ಹೊರಟಾಗ ಸೂಟ್‌ಕೇಸಿನಲ್ಲಿದ್ದ ಶರಬತ್ತಿನ ಬಾಟಲಿ ಸೋರಿತು. ಬಟ್ಟೆಯನ್ನು ಒಗೆದರೆ ಆಯಿತು. ಆದರೆ ಪಕ್ಕದಲ್ಲೇ ಇಟ್ಟಿದ್ದ ಡಿಪ್ಲೊಮಾ ಅಂಕಪಟ್ಟಿಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಹರಿದುಹೋದವು. ಹೊಸ ಪ್ರತಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕಾಯುವಷ್ಟರಲ್ಲಿ ಅಲ್ಲಿಯ ಕೆಲಸ ಬೇರೆಯವರ ಪಾಲಾಯಿತು. "ವಿಮಾನದ ಹೊಟ್ಟೆಯಲ್ಲಿ ಗಾಳಿಯೇ ಇರುವುದಿಲ್ಲ, ಬಾಟಲಿ ಒಡೆಯದೆ ಏನು ಮಾಡುತ್ತದೆ" ಎಂದು ಮನೆಯ ಹಿರಿಯರು ಹೇಳಿದರು. ಇದು ನಿಜವೇ ಎಂದು ನಮ್ಮ ಪಠ್ಯದಲ್ಲಿರುವ ಬಾಯ್ಲ್ ನಿಯಮವನ್ನೇ ಹಿಡಿದು ಲೆಕ್ಕ ಹಾಕಿ ನೋಡಿದೆ.

ಪ್ರಯಾಣಿಕರ ವಿಮಾನ ಸುಮಾರು 35,000 ಅಡಿ ಎತ್ತರದಲ್ಲಿ ಹಾರುತ್ತದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲು ಭಾಗದಷ್ಟೂ ಇಲ್ಲ. ಆದರೆ ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ನಾವು ಕೂರುವ ಜಾಗದಲ್ಲೂ, ಕೆಳಗೆ ಸೂಟ್‌ಕೇಸ್ ಇಡುವ ಜಾಗದಲ್ಲೂ ಒತ್ತಡ ಹೆಚ್ಚುಕಡಿಮೆ ಒಂದೇ. ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ಅಂದರೆ ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್ ಇದ್ದದ್ದು ವಿಮಾನದೊಳಗೆ ಕಡಿಮೆ ಎಂದರೆ ಸುಮಾರು 75 ಆಗುತ್ತದೆ. "ಗಾಳಿಯೇ ಇಲ್ಲ" ಎನ್ನುವ ಮಾತು ಸರಿಯಲ್ಲ.

ಹಾಗಾದರೆ ಸೋರುವುದು ಏಕೆ? ನೀರು ಹಿಗ್ಗುವುದಿಲ್ಲ, ಬಾಟಲಿಯೊಳಗೆ ಉಳಿದ ಗಾಳಿ ಹಿಗ್ಗುತ್ತದೆ. ಒಂದು ಲೀಟರ್ ಬಾಟಲಿಯ ಕತ್ತಿನಲ್ಲಿ 50 ಮಿಲಿಲೀಟರ್ ಗಾಳಿ ಇದೆ ಎನ್ನಿ. ಸಮುದ್ರದಂಡೆಯ ಜಿದ್ದಾದಲ್ಲಿ ಮುಚ್ಚಿದ ಆ ಗಾಳಿಗೆ ಮೇಲೆ ಹೋದಾಗ 67 ಮಿಲಿಲೀಟರ್ ಜಾಗ ಬೇಕು. ಮುಚ್ಚಳ ಸಡಿಲವಾಗಿದ್ದು ಬಾಟಲಿ ತಲೆಕೆಳಗಾಗಿ ಬಿದ್ದಿದ್ದರೆ, ಮೂರು ಟೀ ಚಮಚಕ್ಕಿಂತ ಹೆಚ್ಚು ಶರಬತ್ತು ಹೊರಗೆ ಬರುತ್ತದೆ. ಒಂದು ಅಂಕಪಟ್ಟಿ ಹಾಳಾಗಲು ಅಷ್ಟು ಸಾಕು. ಮುಚ್ಚಳ ಗಟ್ಟಿಯಾಗಿದ್ದರೆ? ಸಾಮಾನ್ಯ ನೀರಿನ ಬಾಟಲಿಯ ಮುಚ್ಚಳದ ಮೇಲೆ ಒಳಗಿನಿಂದ ಬೀಳುವ ಒತ್ತು ಸುಮಾರು ಒಂದೂವರೆ ಕಿಲೋ ತೂಕದಷ್ಟು. ಸರಿಯಾಗಿ ತಿರುಗಿಸಿದ ಮುಚ್ಚಳ ಅದನ್ನು ಸುಲಭವಾಗಿ ತಡೆಯುತ್ತದೆ. ಸೋಡಾ, ಕೋಲಾ ಬಾಟಲಿಗಳು ಅಂಗಡಿಯಲ್ಲಿ ಸುಮ್ಮನೆ ಕುಳಿತಾಗಲೂ ಇದರ ಹಲವು ಪಟ್ಟು ಒತ್ತಡವನ್ನು ತಾಳಿಕೊಂಡೇ ಇರುತ್ತವೆ.

ಇದನ್ನು ನಮ್ಮ ಪ್ರಯೋಗಾಲಯದಲ್ಲೇ ನೋಡಬಹುದು. ಸೂಜಿ ಇಲ್ಲದ 50 ಮಿಲಿಲೀಟರ್ ಸಿರಿಂಜಿನಲ್ಲಿ 30ರವರೆಗೆ ಗಾಳಿ ಎಳೆದು, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ. ಈಗ ಹಿಡಿಯನ್ನು 38ರವರೆಗೆ ಎಳೆಯಿರಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಒತ್ತಡ ಸುಮಾರು 94 ಕಿಲೋಪಾಸ್ಕಲ್. ಹಾಗಾಗಿ ಸಿರಿಂಜಿನೊಳಗೆ ಈಗ ಇರುವುದು ವಿಮಾನದೊಳಗಿನ ಒತ್ತಡ. ಬೆರಳಿಗೆ ತಾಗುವ ಎಳೆತ ಎಷ್ಟು ಸಣ್ಣದು ಎಂದು ನಿಮಗೇ ಗೊತ್ತಾಗುತ್ತದೆ. ಜಿದ್ದಾದಲ್ಲಿ ಮುಚ್ಚಿದ ಬಾಟಲಿಯನ್ನು ನಮ್ಮ ಮನೆಯಲ್ಲಿ ತೆರೆದಾಗ ಪುಸ್ ಎಂದು ಸಣ್ಣ ಸದ್ದು ಬಂದರೆ ಅದಕ್ಕೂ ಇದೇ ಕಾರಣ. ನೀರು ಕೆಟ್ಟಿದೆ ಎಂದು ಹೆದರಬೇಕಿಲ್ಲ.

ಹೀಗಾಗಿ ಪ್ಯಾಕಿಂಗ್‌ನಲ್ಲಿ ನೋಡಬೇಕಾದದ್ದು ಮುಚ್ಚಳ, ಒಳಗಿನ ಗಾಳಿ ಮತ್ತು ಬ್ಯಾಗ್ ಬೀಳುವ ಪೆಟ್ಟು. ಕಂಪನಿಯ ಸೀಲ್ ಇರುವ ಪ್ಲಾಸ್ಟಿಕ್ ಬಾಟಲಿಯೇ ಒಳ್ಳೆಯದು. ಸೀಲ್ ತೆರೆಯಬೇಡಿ. ಮನೆಯಲ್ಲಿ ತುಂಬಿಸುವುದಾದರೆ ಮುಚ್ಚಳದ ಸುತ್ತುಗಳನ್ನು ಒರೆಸಿ; ಸಕ್ಕರೆ ಪಾಕ ಅಂಟಿದ್ದರೆ ಮುಚ್ಚಳ ಪೂರ್ತಿ ಕೂರುವುದಿಲ್ಲ. ಬಾಟಲಿಯನ್ನು ಸ್ವಲ್ಪ ಅದುಮಿ ಗಾಳಿ ಹೊರಹಾಕಿ ಮುಚ್ಚಿ. ಆಗ ಉಳಿದ ಗಾಳಿ ಹಿಗ್ಗಿದರೂ ಬಾಟಲಿ ಮೊದಲಿನ ಆಕಾರಕ್ಕೆ ಬರುತ್ತದೆ, ಅಷ್ಟೆ. ಮುಚ್ಚಳ ಬಿಗಿಯಾಗುವ ದಿಕ್ಕಿನಲ್ಲೇ ಟೇಪ್ ಸುತ್ತಿ. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ, ಬೇರೆಬೇರೆ ಗಂಟು ಕಟ್ಟಿ. ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ. ಅಂಚಿಗೆ ಇಟ್ಟರೆ ಪೆಟ್ಟು ನೇರವಾಗಿ ಬೀಳುತ್ತದೆ. ಗಾಜಿನ ಬಾಟಲಿ ಬೇಡ. ಪಾಸ್‌ಪೋರ್ಟ್, ಅಂಕಪಟ್ಟಿ, ಔಷಧಿ ಚೀಟಿ ಯಾವಾಗಲೂ ಕೈಚೀಲದಲ್ಲೇ ಇರಲಿ.

ಮನೆಯಲ್ಲಿ ಹಿಂಡಿದ ಹಣ್ಣಿನ ರಸ, ಕಬ್ಬಿನ ಹಾಲು, ಮಜ್ಜಿಗೆ ಕಳಿಸಬೇಡಿ. ದಾವಣಗೆರೆಯಿಂದ ಬೆಂಗಳೂರಿಗೇ ಸುಮಾರು 260 ಕಿಲೋಮೀಟರ್. ಆಮೇಲೆ ವಿಮಾನ, ಆಮೇಲೆ ಮತ್ತೆ ರಸ್ತೆ. ಅಷ್ಟರಲ್ಲಿ ರಸ ಹುಳಿದು ಒಳಗೆ ಅನಿಲ ತುಂಬುತ್ತದೆ. ಎತ್ತರಕ್ಕೆ ಹೆದರದ ಬಾಟಲಿ ಈ ಅನಿಲಕ್ಕೆ ಉಬ್ಬಿ ಬಿರಿಯಬಹುದು.

ಇನ್ನು ನಿಯಮ. 2006ರ ಆಗಸ್ಟ್‌ನಲ್ಲಿ, ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಸಾಗಿಸಿ ವಿಮಾನಗಳನ್ನು ಉರುಳಿಸುವ ಸಂಚನ್ನು ಬ್ರಿಟನ್ನಿನ ಪೊಲೀಸರು ಬಯಲಿಗೆಳೆದರು. ಅದಾದ ಮೇಲೆ ಅಂತರರಾಷ್ಟ್ರೀಯ ವಿಮಾನಗಳ ಕೈಚೀಲದಲ್ಲಿ ದ್ರವಕ್ಕೆ ಮಿತಿ ಬಂತು. ಒಂದು ಡಬ್ಬಿ 100 ಮಿಲಿಲೀಟರ್ ದಾಟಬಾರದು, ಎಲ್ಲವೂ ಒಂದು ಲೀಟರ್‌ನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ದೊಡ್ಡ ಬಾಟಲಿಯಲ್ಲಿ ಎರಡೇ ಗುಟುಕು ಇದ್ದರೂ ಬಿಡುವುದಿಲ್ಲ, ಏಕೆಂದರೆ ನೋಡುವುದು ಬಾಟಲಿಯ ಅಳತೆಯನ್ನು. ಮಗುವಿನ ಹಾಲು, ಔಷಧಿಗೆ ವಿನಾಯಿತಿ ಇದೆ; ತಪಾಸಣೆಯಲ್ಲಿ ಮೊದಲೇ ತೋರಿಸಬೇಕು. ರಮಝಾನಿನಲ್ಲಿ ಹೋಗುವವರು ಖಾಲಿ ಬಾಟಲಿ ಒಯ್ದು, ತಪಾಸಣೆ ದಾಟಿದ ಮೇಲೆ ಇಫ್ತಾರಿಗೆ ನೀರು ತುಂಬಿಸಿಕೊಳ್ಳಬಹುದು.

ಝಂಝಂಗೆ ದಾರಿ ಬೇರೆ. ಹೋಟೆಲಿನಲ್ಲಿ ಬಾಟಲಿಗೆ ತುಂಬಿಸಿ ಸೂಟ್‌ಕೇಸಿನಲ್ಲಿ ಬಟ್ಟೆಯ ಮಧ್ಯೆ ಇಡಬಾರದು. ಸೌದಿ ಅಧಿಕಾರಿಗಳು 2022ರಲ್ಲಿ ಇದನ್ನು ಒಪ್ಪಬಾರದೆಂದು ವಿಮಾನ ಸಂಸ್ಥೆಗಳಿಗೆ ಸೂಚಿಸಿದರು. ಇಂಥ ಬಾಟಲಿ ತಪಾಸಣೆಯಲ್ಲಿ ಸಿಕ್ಕರೆ ಸೂಟ್‌ಕೇಸ್ ಬಿಚ್ಚಿಸಿ ತೆಗೆಸುತ್ತಾರೆ. ಸರಿಯಾದ ದಾರಿ ಎಂದರೆ ವಿಮಾನ ನಿಲ್ದಾಣದಲ್ಲಿ ಸಿಗುವ, ಸೀಲ್ ಮಾಡಿದ 5 ಲೀಟರ್ ಪೆಟ್ಟಿಗೆ. ಅದನ್ನು ಕೌಂಟರಿನಲ್ಲಿ ಪ್ರತ್ಯೇಕ ಲಗೇಜಾಗಿ ಕೊಡಬೇಕು. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಪೆಟ್ಟಿಗೆ. ವಿಮಾನ ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬದಲಾಗುವುದರಿಂದ ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ. ಹಜ್ ಕಮಿಟಿಯ ಮೂಲಕ ಹೋದವರಿಗೆ ಈ ಚಿಂತೆ ಇಲ್ಲ. ಅವರ ಪಾಲಿನ 5 ಲೀಟರ್ ಅನ್ನು ಮರಳಿ ಇಳಿದ ನಿಲ್ದಾಣದಲ್ಲೇ ಕೊಡುತ್ತಾರೆ. ಅಲ್ಲಿಂದ ರೈಲಿನಲ್ಲಿ ಬರುವಾಗ ಪೆಟ್ಟಿಗೆಯನ್ನು ನೆಟ್ಟಗೆ ಇಟ್ಟು, ರಟ್ಟು ಒದ್ದೆಯಾಗಿದ್ದರೆ ಗಟ್ಟಿ ಬಟ್ಟೆಚೀಲಕ್ಕೆ ಹಾಕಿ. ಹಂಚುವ ಸಣ್ಣ ಬಾಟಲಿಗಳನ್ನು ಮೊದಲೇ ತೊಳೆದು ಒಣಗಿಸಿಡಿ.

ಕೊನೆಗೆ ಒಂದು ಎಚ್ಚರಿಕೆ. "ನಮ್ಮ ಹುಡುಗನಿಗೆ ಒಂದು ಬಾಟಲಿ ಕೊಟ್ಟುಬಿಡಿ" ಎಂದು ಯಾರೋ ಪರಿಚಯದವರು ತಂದುಕೊಟ್ಟರೆ, ಒಳಗೇನಿದೆ ಎಂದು ನೋಡದೆ ತೆಗೆದುಕೊಳ್ಳಬೇಡಿ. ಹಾಲಿಗೆ ಬೆರೆಸುವ ಬಾದಾಮಿ ಪುಡಿಯಲ್ಲಿ ಗಸಗಸೆ ಇದ್ದರೂ ತೊಂದರೆ. ನಮ್ಮ ಅಡುಗೆಮನೆಯ ಗಸಗಸೆ ಸೌದಿ ಅರೇಬಿಯಾ ಮತ್ತು ಯುಎಇಯಲ್ಲಿ ನಿಷಿದ್ಧ ವಸ್ತು, ಸಿಕ್ಕಿಬಿದ್ದರೆ ಜೈಲಿಗೂ ಹೋಗಬೇಕಾಗಬಹುದು. ಬ್ಯಾಗ್ ಯಾರ ಹೆಸರಿನಲ್ಲಿದೆಯೋ ಉತ್ತರ ಕೊಡಬೇಕಾದವರೂ ಅವರೇ.

ಈ ಸಲ ನಿಮ್ಮ ಮನೆಯಲ್ಲಿ ಯಾರಾದರೂ ಹೊರಟರೆ, ಸೂಟ್‌ಕೇಸಿಗೆ ಬೀಗ ಹಾಕುವ ಮುಂಚೆ ಪ್ರತಿ ಬಾಟಲಿಯನ್ನೂ ಸಿಂಕಿನ ಮೇಲೆ ತಲೆಕೆಳಗು ಹಿಡಿದು, ಮೆಲ್ಲಗೆ ಅದುಮಿ ನೋಡಿ. ಒಂದು ಹನಿ ಬಂದರೂ ಅದನ್ನು ಮನೆಯಲ್ಲೇ ಬಿಟ್ಟು ಕಳಿಸಿ.