ಅವ್ವನ ಬಲಗೈಗೆ ಕೆಲಸ ಕೊಟ್ಟೆವು

ಪಾರ್ಶ್ವವಾಯುವಿನಿಂದ ಅವ್ವನ ಬಲಗೈ ಸೋತಾಗ ಆಕೆಯನ್ನು ರಾಯಚೂರಿನಿಂದ ಲಿಂಗಂಪಲ್ಲಿಯ ನಮ್ಮ ಮನೆಗೆ ಕರೆತಂದೆವು. ಮೊದಲ ತಿಂಗಳು ನಾವೇ ಉಣಿಸಿದೆವು, ತಲೆ ಬಾಚಿದೆವು, ಲೋಟವನ್ನು ಬಾಯಿಗೇ ಹಿಡಿದೆವು. ಅದೇ ಸೇವೆ ಅಂದುಕೊಂಡಿದ್ದೆವು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಒಂದು ದಿನ ಕೇಳಿದರು: "ಎಲ್ಲಾ ನೀವೇ ಮಾಡಿದರೆ ಆ ಕೈ ಏನು ಮಾಡಬೇಕು?"

ಮಿದುಳಿನ ಒಂದು ಭಾಗಕ್ಕೆ ಪೆಟ್ಟಾದರೂ, ಮತ್ತೆ ಮತ್ತೆ ಅಭ್ಯಾಸ ಮಾಡಿದರೆ ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿಯುತ್ತವೆ. ಬಳಸದೇ ಬಿಟ್ಟರೆ ಇದ್ದ ಶಕ್ತಿಯನ್ನೂ ಕೈ ಮರೆಯುತ್ತದೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟಾಬ್ ಇದನ್ನು ಗುರುತಿಸಿ, ಚೆನ್ನಾಗಿರುವ ಕೈಯನ್ನು ಕಟ್ಟಿಟ್ಟು ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ರೂಪಿಸಿದರು. ಬೆರಳು, ಮಣಿಕಟ್ಟುಗಳಲ್ಲಿ ತುಸು ಚಲನೆ ಉಳಿದಿದ್ದ 222 ಜನರ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಎರಡೇ ವಾರ ಈ ಚಿಕಿತ್ಸೆ ಪಡೆದವರಲ್ಲಿ ವರ್ಷದ ನಂತರವೂ ಸುಧಾರಣೆ ಉಳಿದಿತ್ತು. ಕೈ ಕಟ್ಟುವುದನ್ನು ಮಾತ್ರ ಥೆರಪಿಸ್ಟ್ ಹೇಳದೆ ಮಾಡಬಾರದು.

ನಾವು ಮಾಡಿದ್ದು ಅಷ್ಟು ದೊಡ್ಡದಲ್ಲ. ಅಡುಗೆಮನೆಯ ಸಾಮಾನನ್ನೇ ಅವ್ವನ ಮುಂದಿಟ್ಟೆವು.

ಕಾಳು ಆರಿಸುವುದು: ಕಾಬೂಲಿ ಕಡಲೆ, ಹೆಸರುಕಾಳು ಬೆರೆಸಿ ತಟ್ಟೆಯಲ್ಲಿ ಕೊಟ್ಟೆವು. ಮೊದಲು ದಪ್ಪ ಕಾಳು, ಆಮೇಲೆ ಸಣ್ಣದು. ಹೆಬ್ಬೆರಳು, ತೋರುಬೆರಳಿನ ಹಿಡಿತಕ್ಕೆ ಇದು ಒಳ್ಳೆಯದು.

ಬಟ್ಟೆ ಕ್ಲಿಪ್: ಡಬ್ಬಿಯ ಅಂಚಿಗೆ ಹಾಕಿ ತೆಗೆಯುವುದು. ಬಿಗಿ ಕ್ಲಿಪ್ ಬೇಡ, ಸಡಿಲವಾದದ್ದರಿಂದ ಶುರುಮಾಡಿ.

ಸ್ಪಂಜು: ಒಂದು ಬಟ್ಟಲಿನ ನೀರನ್ನು ಸ್ಪಂಜಿನಲ್ಲಿ ಹೀರಿ ಇನ್ನೊಂದಕ್ಕೆ ಹಿಂಡುವುದು. ಎಷ್ಟು ನೀರು ಬಂತೆಂದು ಕಣ್ಣಿಗೇ ಕಾಣುವುದರಿಂದ ಹುರುಪು ಬರುತ್ತದೆ.

ಕನ್ನಡಿ: ಮೇಜಿನ ನಡುವೆ ನಿಲ್ಲಿಸಿ, ಸೋತ ಕೈಯನ್ನು ಹಿಂದೆ ಮರೆಮಾಡಿ, ಚೆನ್ನಾಗಿರುವ ಕೈಯನ್ನು ಆಡಿಸುತ್ತ ಪ್ರತಿಬಿಂಬ ನೋಡುವುದು. ಸೋತ ಕೈಯೇ ಆಡಿದಂತೆ ಕಾಣುತ್ತದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕೈ ಕಳೆದುಕೊಂಡವರ ನೋವಿಗಾಗಿ ಕಂಡುಕೊಂಡ ಉಪಾಯವಿದು.

ಕೆಲವು ಎಚ್ಚರಿಕೆಗಳು: ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜಕ್ಕೆ ಪೆಟ್ಟಾಗುತ್ತದೆ. ಸ್ಪರ್ಶ ಮಂದವಾಗಿದ್ದರೆ ಬಿಸಿ ತಿಳಿಯುವುದಿಲ್ಲ. ಹತ್ತು ನಿಮಿಷ ಸಾಕು, ದಿನಕ್ಕೆ ಮೂರ್ನಾಲ್ಕು ಸಲ. ನೋವಾದರೆ ನಿಲ್ಲಿಸಿ.

ಕಷ್ಟವಾದದ್ದು ಅವ್ವನಿಗಲ್ಲ, ನನಗೆ. ಆಕೆ ಒಂದು ಗುಂಡಿ ಹಾಕಲು ಐದು ನಿಮಿಷ ಒದ್ದಾಡುವಾಗ ಕೈ ಕಟ್ಟಿ ಕೂರಬೇಕಿತ್ತು. ಲಾಗಿನ್ ಹೊತ್ತಾಗುತ್ತಿದ್ದರೆ ಇನ್ನೂ ಕಷ್ಟ.

ಐದನೇ ತಿಂಗಳು ಅವ್ವ ಜೋಳದ ಹಿಟ್ಟು ಕೇಳಿದಳು. ಬಿಸಿನೀರು ಹಾಕಿ ಕಲಸಿ, ಆರಿಸಿ ಕೊಟ್ಟೆ. ಎಡಗೈಯ ಆಸರೆಯಲ್ಲಿ ಬಲ ಅಂಗೈ ಊರಿ ನಾದಿದಳು, ಬಡಿದಳು. ರೊಟ್ಟಿ ಒಂದು ಬದಿ ದಪ್ಪ, ಇನ್ನೊಂದು ಬದಿ ಹರಿದಿತ್ತು. ಹೆಂಚಿಗೆ ಹಾಕಿದ್ದು ನಾನು.

"ಇದನ್ನ ನೀನೇ ತಿನ್ನು, ಮಂದಿಗೆ ತೋರಿಸಬ್ಯಾಡ" ಅಂದಳು.

ತಿಂದೆ. ಮರುದಿನ ಮತ್ತೆ ಹಿಟ್ಟು ಕೇಳಿದಳು.