ನೆಪೋಲಿಯನ್ನನ ದ್ವೀಪದ ಕಪ್ಪು ಜೀರುಂಡೆ

ಸೇಂಟ್ ಹೆಲೆನಾ ಎಂದೊಡನೆ ನೆನಪಾಗುವುದು ನೆಪೋಲಿಯನ್. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದ ಜಾಗವೆಂದು ಬ್ರಿಟಿಷರು 1815ರಲ್ಲಿ ಅವನನ್ನು ಅಲ್ಲಿರಿಸಿದರು. ಆಫ್ರಿಕದ ಕರಾವಳಿಯಿಂದ ಸುಮಾರು 1,900 ಕಿ.ಮೀ. ದೂರದಲ್ಲಿ, ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಈ ಜ್ವಾಲಾಮುಖಿ ದ್ವೀಪದ ವಿಸ್ತಾರ ಕೇವಲ 122 ಚದರ ಕಿ.ಮೀ. ಸೆರೆಮನೆಗೆ ಅನುಕೂಲವಾದ ಆ ಒಂಟಿತನವೇ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಲವು ಜೀವಿಗಳನ್ನು ಅಲ್ಲಿ ರೂಪಿಸಿತ್ತು. ಅಂಥವುಗಳಲ್ಲೊಂದು ‘ಅಪ್ಲೊಥೊರಾಕ್ಸ್ ಬರ್ಚೆಲ್ಲಿ’ ಎಂಬ ದೈತ್ಯ ನೆಲಜೀರುಂಡೆ.

ಮೂರು ಸೆಂಟಿಮೀಟರಿಗೂ ಮೀರಿ ಬೆಳೆಯುವ ಈ ಕಪ್ಪು ಹುಳು, ಕಂಬಳಿಹುಳುಗಳನ್ನು ಬೇಟೆಯಾಡುವ ‘ಕ್ಯಾಲೊಸೋಮ’ ಜೀರುಂಡೆಗಳ ಹತ್ತಿರದ ಸಂಬಂಧಿ. ಆದರೆ ಇದಕ್ಕೆ ಹಾರಲು ಬಾರದು. ಡಾರ್ವಿನ್ ಇಂಥದಕ್ಕೆ ಒಂದು ವಿವರಣೆ ಕೊಟ್ಟಿದ್ದ: ಬಿರುಗಾಳಿಯ ದ್ವೀಪದಲ್ಲಿ ಹಾರಿದ ಹುಳು ಕಡಲ ಪಾಲಾಗುತ್ತದೆ, ನೆಲ ಕಚ್ಚಿದ್ದು ಬದುಕಿ ಸಂತಾನ ಬೆಳೆಸುತ್ತದೆ. ಇದಕ್ಕೆ ಅವನು ಆಧಾರ ಮಾಡಿಕೊಂಡದ್ದು ಮಡೀರಾ ದ್ವೀಪದ ಜೀರುಂಡೆಗಳ ಬಗ್ಗೆ ವೊಲಾಸ್ಟನ್ ನಡೆಸಿದ್ದ ಅಧ್ಯಯನವನ್ನು. ಮುಂದೆ ಅದೇ ವೊಲಾಸ್ಟನ್ ಸೇಂಟ್ ಹೆಲೆನಾಕ್ಕೂ ಬಂದು, 1877ರಲ್ಲಿ ಅಲ್ಲಿನ ಜೀರುಂಡೆಗಳ ಕುರಿತು ಗ್ರಂಥವನ್ನೇ ಪ್ರಕಟಿಸಿದ.

ಈ ದ್ವೀಪಕ್ಕೂ ನಮ್ಮ ಕಡಲಿಗೂ ಹಳೆಯ ನಂಟಿದೆ. 1502ರಲ್ಲಿ ಅದನ್ನು ಕಂಡ ಪೋರ್ಚುಗೀಸರು ಭಾರತದಿಂದ ಮರಳುತ್ತಿದ್ದವರು. ಅಲ್ಲಿ ಮೊದಲು ನೆಲೆ ನಿಂತ ಫೆರ್ನಾವೊ ಲೋಪೆಜ್, ಗೋವೆಯಲ್ಲಿ ಬಿಜಾಪುರದ ಆದಿಲಶಾಹಿ ಪಡೆಯನ್ನು ಸೇರಿದ್ದಕ್ಕಾಗಿ ಅಂಗಚ್ಛೇದನದ ಶಿಕ್ಷೆ ಉಂಡಿದ್ದ ಸೈನಿಕ. 1659ರಿಂದ ಅದು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ತಂಗುದಾಣವಾಯಿತು. ಜೀರುಂಡೆಯ ಹೆಸರಿನಲ್ಲಿರುವ ಬರ್ಚೆಲ್ ಕೂಡ 1805ರಿಂದ 1810ರವರೆಗೆ ಅಲ್ಲಿದ್ದ ಸಸ್ಯವಿಜ್ಞಾನಿ.

ಹಡಗುಗಳು ನೀರು ತುಂಬಿಕೊಂಡು ಹೋದವು, ಆದರೆ ಬರಿಗೈಯಲ್ಲಿ ಬರಲಿಲ್ಲ. ಅವು ತಂದಿಳಿಸಿದ ಆಡುಗಳು ಎಳೆಯ ಗಿಡಗಳನ್ನು ಮೇಯ್ದವು; ಸೌದೆಗಾಗಿ ಮರಗಳು ಉರುಳಿದವು. ಕಾಡು ಹೋದಲ್ಲಿ ಮಣ್ಣು ಕೊಚ್ಚಿಹೋಯಿತು. ಜೊತೆಗೆ ಬಂದಿಳಿದ ಇಲಿ, ಹೆಗ್ಗಣ, ಜರಿಗಳಿಗೆ ಹಾರಲಾರದ ಹುಳು ಸುಲಭದ ತುತ್ತು. ಗಾಳಿಯಿಂದ ಕಾಪಾಡಿದ ಗುಣವೇ ಕೊನೆಗೆ ಮುಳುವಾಯಿತು.

1960ರ ದಶಕದಲ್ಲಿ ಬೆಲ್ಜಿಯಂನ ಸಂಶೋಧಕರು ದ್ವೀಪದ ಕೀಟಗಳನ್ನು ಸಂಗ್ರಹಿಸಿದ ಮೇಲೆ ಈ ಜೀರುಂಡೆ ಜೀವಂತವಾಗಿ ಕಂಡ ದಾಖಲೆಯಿಲ್ಲ. ಅದೇ ದ್ವೀಪದ ದೈತ್ಯ ಇಯರ್‌ವಿಗ್ ಹುಳು ಅಳಿದುಹೋಯಿತೆಂದು 2014ರಲ್ಲಿ ಘೋಷಿಸಲಾಯಿತು. ರಾತ್ರಿ ಸಂಚರಿಸಿ, ಹಗಲು ಕಲ್ಲಿನಡಿ ಅವಿತಿರುವ ಹುಳು ‘ಇಲ್ಲ’ ಎಂದು ಖಚಿತವಾಗಿ ಹೇಳುವುದು ಕಷ್ಟ. 2017ರಿಂದ ದ್ವೀಪಕ್ಕೆ ವಿಮಾನ ಸಂಚಾರವೂ ಆರಂಭವಾಗಿ ಆ ಒಂಟಿತನ ಮುಗಿದಿದೆ. ಇನ್ನು ಆ ಜೀರುಂಡೆಯನ್ನು ನೋಡಬೇಕೆಂದರೆ ಸದ್ಯಕ್ಕೆ ಮ್ಯೂಸಿಯಮ್ಮಿನ ಸೂಜಿಯ ತುದಿಯಲ್ಲೇ.